ಸ್ಕಂದಗಿರಿಯ ಸುತ್ತ ಚೌಕಬೇಟೆ

ಬೆಂಗಳೂರಿನಿಂದ ಉತ್ತರಕ್ಕೆ ಹೊರಡುವ ಸೈಕಲ್ ಸವಾರರಲ್ಲಿ ಹೆಚ್ಚಿನವರ ಗುರಿ ನಂದಿಬೆಟ್ಟ. ಶನಿವಾರ, ಭಾನುವಾರದ ನಸುಕಿನಲ್ಲಿ ದೇವನಹಳ್ಳಿ ಕಡೆಯ ರಸ್ತೆಯುದ್ದಕ್ಕೂ ಸೈಕಲ್‌ಗಳ ಕೆಂಪು ದೀಪಗಳು ಸಾಲುಗಟ್ಟುತ್ತವೆ. ಬೆಟ್ಟ ಹತ್ತಿ, ಇಳಿದು, ತಿಂಡಿ ತಿಂದು, ಬಿಸಿಲೇರುವ ಮೊದಲೇ ಎಲ್ಲರೂ ಊರು ಸೇರಿರುತ್ತಾರೆ. ಅದೇ ಬೆಟ್ಟಸಾಲಿನಲ್ಲಿ, ಚಿಕ್ಕಬಳ್ಳಾಪುರದ ಪಕ್ಕದಲ್ಲೇ, ಸುಮಾರು 1,450 ಮೀಟರ್ ಎತ್ತರದ ಸ್ಕಂದಗಿರಿ ಇದೆ. ಊರವರ ಬಾಯಲ್ಲಿ ಅದು ಕಳವಾರ ಬೆಟ್ಟ. ಅದರ ಸುತ್ತಲಿನ ಹಳ್ಳಿದಾರಿಗಳತ್ತ ಹ್ಯಾಂಡಲ್ ತಿರುಗಿಸುವವರು ಬೇರೆಯೇ ಒಂದು ಲೆಕ್ಕ ಇಟ್ಟುಕೊಂಡವರು. ಅವರು ಹುಡುಕುವುದು ನಕ್ಷೆಯಲ್ಲಿ ತಾವಿನ್ನೂ ಚಕ್ರ ಉರುಳಿಸದ ಚೌಕವನ್ನು.

ಈ ಹವ್ಯಾಸಕ್ಕೆ ಟೈಲ್ ಬೇಟೆ ಎನ್ನುತ್ತಾರೆ. ಪ್ರಪಂಚದ ನಕ್ಷೆಯನ್ನು ಉದ್ದಕ್ಕೂ ಅಡ್ಡಕ್ಕೂ 16,384 ಭಾಗ ಮಾಡಿ ಸಮನಾದ ಚೌಕಗಳನ್ನಾಗಿ ಕತ್ತರಿಸಲಾಗಿದೆ. ಸವಾರನ ಜಿಪಿಎಸ್ ಗೆರೆ ಒಂದು ಚೌಕದ ಮೂಲೆಗೆ ತಗುಲಿದರೂ ಸಾಕು, ಅದು ಅವನ ಖಾತೆಗೆ ಸೇರಿ ಬಣ್ಣ ತಳೆಯುತ್ತದೆ. ಒಂದೂ ತಪ್ಪದಂತೆ ತುಂಬಿದ ಅತಿ ದೊಡ್ಡ ಚೌಕ ಎಷ್ಟಕ್ಕೆಷ್ಟು ಎಂಬುದು ಮ್ಯಾಕ್ಸ್ ಸ್ಕ್ವೇರ್. ನಾಲ್ಕೂ ಬದಿಯ ನೆರೆಯ ಟೈಲ್‌ಗಳು ಕೈವಶವಾದ ಟೈಲ್‌ಗಳ ಗುಂಪು ಕ್ಲಸ್ಟರ್. ನಡುವೆ ಒಂದೇ ಒಂದು ಟೈಲ್ ಖಾಲಿ ಉಳಿದರೂ ಚೌಕ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಯಾವ ಪ್ರವಾಸಿಯೂ ಕಾಲಿಡದ ಹಳ್ಳಿಯೊಂದು ಈ ಲೆಕ್ಕದಲ್ಲಿ ನಂದಿಬೆಟ್ಟದಷ್ಟೇ ಬೆಲೆಯುಳ್ಳದ್ದು. ಈ ಹವ್ಯಾಸ ನನಗೆ ಇಷ್ಟವಾಗುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ನೆಲವನ್ನು ಚೌಕಗಳಲ್ಲಿ ಹಿಡಿದಿಡುವ ಕೆಲಸ ಈ ಸೀಮೆಗೆ ಹೊಸದಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸಿದ. ದಕ್ಷಿಣದ ಬೆಟ್ಟಗಳ ನೆತ್ತಿಗಳೇ ಆ ಅಳತೆಯ ನಿಲ್ದಾಣಗಳಾದವು. ಆ ಪರಂಪರೆಯಿಂದ ಬಂದ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ ದೇಶವೆಲ್ಲ ಹದಿನೈದು ನಿಮಿಷದ ಅಕ್ಷಾಂಶ, ಹದಿನೈದು ನಿಮಿಷದ ರೇಖಾಂಶಗಳ ಚೌಕಗಳಾಗಿ ಹಂಚಿಹೋಗಿದೆ. ಸ್ಕಂದಗಿರಿ, ಚಿಕ್ಕಬಳ್ಳಾಪುರ, ನಂದಿ ಮೂರೂ 57ಜಿ/11ರಲ್ಲಿವೆ. ಗೌರಿಬಿದನೂರು, ಗುಡಿಬಂಡೆ 57ಜಿ/10ರಲ್ಲಿ, ಶಿಡ್ಲಘಟ್ಟ 57ಜಿ/15ರಲ್ಲಿ, ಚಿಂತಾಮಣಿ ಪಕ್ಕದ 57ಕೆ/3ರಲ್ಲಿ. ಇಲಾಖೆಗೆ 250 ವರ್ಷ ತುಂಬಿದ 2017ರಲ್ಲಿ ‘ನಕ್ಷೆ’ ಎಂಬ ಜಾಲತಾಣದ ಮೂಲಕ ಇಂಥ ಹಾಳೆಗಳು ಉಚಿತವಾಗಿ ಸಿಗತೊಡಗಿದವು. ಹಳೆಯ ಹಾಳೆಯಲ್ಲಿ ಚುಕ್ಕಿಗೆರೆಯಾಗಿ ಕಾಣುವ ಬಂಡಿದಾರಿ ಇಂದಿಗೂ ಎಷ್ಟೋ ಕಡೆ ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿ.

ಜನಸಾಮಾನ್ಯರು ತಾವು ನಿಂತ ಜಾಗವನ್ನು ತಾವೇ ಗುರುತಿಸಿಕೊಳ್ಳುವ ಕಾಲ ಬಂದದ್ದು ಜಿಪಿಎಸ್‌ನಿಂದ. ಅಕ್ಷಾಂಶ ರೇಖಾಂಶಗಳು ಪೂರ್ಣಾಂಕದಲ್ಲಿ ಸಂಧಿಸುವ ಜಾಗಗಳಿಗೆ ಹೋಗಿ ಫೋಟೊ ತೆಗೆಯುವ ಡಿಗ್ರಿ ಕನ್‌ಫ್ಲುಯೆನ್ಸ್ ಯೋಜನೆ 1996ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ನಮಗೆ ಹತ್ತಿರದ ಅಂಥ ಬಿಂದು, 13 ಡಿಗ್ರಿ ಉತ್ತರ 78 ಡಿಗ್ರಿ ಪೂರ್ವ, ಮಾಲೂರಿನ ಪೂರ್ವಕ್ಕಿದೆ. 2000ದ ಮೇ ಮೊದಲಲ್ಲಿ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ನೂರು ಮೀಟರಿನವರೆಗೂ ತಪ್ಪುತ್ತಿದ್ದ ಗುರುತು ಇಪ್ಪತ್ತು ಮೀಟರಿನ ಆಸುಪಾಸಿಗೆ ಬಂತು. 2002ರಲ್ಲಿ ಟ್ರ್ಯಾಕ್‌ಗಳನ್ನು ಹಂಚಿಕೊಳ್ಳಲು ಜಿಪಿಎಕ್ಸ್ ಕಡತರೂಪ, 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದವು. ನಕ್ಷೆಯನ್ನು 256 ಪಿಕ್ಸೆಲ್ ಅಗಲದ ತುಂಡುಗಳಾಗಿ ಕತ್ತರಿಸಿ ಕಳುಹಿಸುವ ವಿಧಾನ ಮನೆಮಾತಾದದ್ದು ಆಗಲೇ. ಝೂಮ್ ಒಂದು ಹಂತ ಏರಿದಂತೆಲ್ಲ ಪ್ರತಿ ತುಂಡೂ ನಾಲ್ಕಾಗುತ್ತದೆ. ಹದಿನಾಲ್ಕನೆಯ ಹಂತದ ತುಂಡುಗಳೇ ಇಂದಿನ ಸವಾರರ ಟೈಲ್‌ಗಳು. ರೇಖಾಂಶಕ್ಕೆ 180 ಕೂಡಿಸಿ, 360ರಿಂದ ಭಾಗಿಸಿ, 16,384ರಿಂದ ಗುಣಿಸಿದರೆ ಕಂಬಸಾಲಿನ ಸಂಖ್ಯೆ ಸಿಗುತ್ತದೆ. ಚಿಕ್ಕಬಳ್ಳಾಪುರ ಪೇಟೆ 11,729ನೆಯ ಸಾಲಿನಲ್ಲಿದೆ.

ಸೈಕಲ್ಲಿನವರ ಲೆಕ್ಕ ಮೊದಲು ದೂರದ್ದಾಗಿತ್ತು. ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್‌ಟನ್ ಒಂದು ಸಂಖ್ಯೆ ಇಟ್ಟುಕೊಂಡಿದ್ದರು: ಇಂತಿಷ್ಟು ಮೈಲಿಯನ್ನು ಕನಿಷ್ಠ ಅಷ್ಟೇ ದಿನ ತುಳಿದಿರಬೇಕು. ನಮ್ಮ ಎಸ್. ಚಂದ್ರಶೇಖರ್ ಅವರಿಗೆ ಬರೆದ ಪತ್ರಗಳಲ್ಲೂ ಅವರು ಅದನ್ನು ಪ್ರಸ್ತಾಪಿಸಿದ್ದುಂಟು. 1944ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಸಂಖ್ಯೆ 84 ಮುಟ್ಟಿತ್ತು. ಬೆಂಗಳೂರಿನ ರ‍್ಯಾಂಡೋನಿಯರ್‌ಗಳ 200, 300, 400, 600 ಕಿಲೋಮೀಟರಿನ ಬ್ರೆವೆ ಎಂಬ ದೀರ್ಘ ಸವಾರಿಗಳೂ ದೂರದ ಪಂಥವೇ. 2009ರಲ್ಲಿ ಸವಾರಿಗಳನ್ನು ದಾಖಲಿಸಿ ಹಂಚುವ ಸ್ಟ್ರಾವಾ ಬಂದ ಮೇಲೆ ವೇಗ ಮುಂದೆ ಬಂತು. ರಸ್ತೆಯ ತುಣುಕುಗಳು ಸೆಗ್ಮೆಂಟ್‌ಗಳಾದವು, ನಂದಿಯ ಏರುದಾರಿ ಸೆಕೆಂಡುಗಳ ಪೈಪೋಟಿಯ ಕಣವಾಯಿತು. ಪೈಪೋಟಿ ಹೆಚ್ಚಿದಷ್ಟೂ ಎಲ್ಲರೂ ಅದೇ ರಸ್ತೆಗೆ ಮರಳಿದರು. ಇದು ಆ ಪದ್ಧತಿಯ ನಿಜವಾದ ಕೊರತೆ.

ಜಾಗದ ಲೆಕ್ಕ ಬಂದದ್ದು ಇಂಗ್ಲೆಂಡಿನ ಶೆಫೀಲ್ಡಿನಿಂದ. ಅಲ್ಲಿನ ಬೆನ್ ಲೋ ಸ್ಟ್ರಾವಾ ದತ್ತಾಂಶವನ್ನು ವಿಶ್ಲೇಷಿಸಲು ಕಟ್ಟಿದ ವೆಲೋವ್ಯೂವರ್, ಕಳೆದ ದಶಕದ ನಡುವೆ ಎಕ್ಸ್‌ಪ್ಲೋರರ್ ಟೈಲ್‌ಗಳ ಎಣಿಕೆ ಸೇರಿಸಿಕೊಂಡಿತು. ಬಳಿಕ ಬಂದ ಸ್ಕ್ವಾಡ್ರಾಟ್ಸ್ ಅದೇ ಟೈಲ್‌ಗಳ ಜೊತೆಗೆ ಝೂಮ್ 17ರ ಪುಟ್ಟ ಚೌಕಗಳನ್ನೂ ಎಣಿಸುತ್ತದೆ. ವಾಂಡ್ರರ್ ಚೌಕ ಬಿಟ್ಟು ರಸ್ತೆಗಳನ್ನೇ ಲೆಕ್ಕ ಹಿಡಿಯುತ್ತದೆ.

ಶೆಫೀಲ್ಡಿನ ಲೆಕ್ಕವನ್ನು ಚಿಕ್ಕಬಳ್ಳಾಪುರಕ್ಕೆ ತಂದಾಗ ಒಂದು ವ್ಯತ್ಯಾಸ ಗಮನಿಸಬೇಕು. ಜಾಲನಕ್ಷೆಗಳು 1569ರ ಮರ್ಕೇಟರ್ ಪ್ರಕ್ಷೇಪದ ಸಂತತಿ. ಸಮಭಾಜಕದಿಂದ ದೂರ ಹೋದಂತೆ ಅವು ನೆಲವನ್ನು ಹಿಗ್ಗಿಸಿ ತೋರಿಸುತ್ತವೆ. ಪರದೆಯ ಮೇಲೆ ಒಂದೇ ಅಳತೆಯ ಟೈಲ್ ಶೆಫೀಲ್ಡಿನಲ್ಲಿ ಸುಮಾರು 1.46 ಕಿಲೋಮೀಟರ್ ಬದಿಯದ್ದಾದರೆ ಸ್ಕಂದಗಿರಿಯ ಬುಡದಲ್ಲಿ 2.38 ಕಿಲೋಮೀಟರ್ ಬದಿಯದ್ದು. ವಿಸ್ತೀರ್ಣದಲ್ಲಿ ನಮ್ಮ ಒಂದು ಟೈಲ್ ಅಲ್ಲಿಯ ಎರಡೂವರೆಗೂ ಮಿಗಿಲು. ಬೇರೆ ಬೇರೆ ದೇಶದವರನ್ನು ಒಂದೇ ಪಟ್ಟಿಯಲ್ಲಿ ಕೂರಿಸಿ ಹೋಲಿಸುವುದು ಅದಕ್ಕೇ ನ್ಯಾಯವಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯೆಲ್ಲ ಏಳುನೂರರಿಂದ ಎಂಟುನೂರು ಟೈಲ್‌ಗಳಲ್ಲಿ ಮುಗಿಯುತ್ತದೆ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಹೆದ್ದಾರಿ ಹಿಡಿದು ಹೋದರೆ ಹದಿನೈದರ ಆಸುಪಾಸಿನ ಒಂದು ಎಳೆ ಮಾತ್ರ ಸಿಗುತ್ತದೆ. ಉಳಿದದ್ದೆಲ್ಲ ಒಳದಾರಿಯಲ್ಲಿದೆ.

ಆ ಒಳದಾರಿಗಳೇ ಈ ಹವ್ಯಾಸದ ತಿರುಳು. ಗುಡಿಬಂಡೆಯ ಭೈರಸಾಗರ, ಗೌರಿಬಿದನೂರು ಬಳಿಯ ವಿದುರಾಶ್ವತ್ಥ, ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ, ಚಿಂತಾಮಣಿ ಕಡೆಯ ಕೈವಾರ ಹೇಗೂ ಎಲ್ಲರ ಪಟ್ಟಿಯಲ್ಲಿವೆ. ಅವುಗಳ ನಡುವಿನ ಖಾಲಿ ಟೈಲ್ ತುಂಬಲು ಹೊರಟಾಗ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ನಡುವೆ, ದ್ರಾಕ್ಷಿ ಚಪ್ಪರಗಳ ಅಂಚಿನಲ್ಲಿ, ಕೆರೆಯ ಕಟ್ಟೆಯ ಮೇಲೆ ಸೈಕಲ್ ಸಾಗುತ್ತದೆ. ಡಾಂಬರು ಮುಗಿದು ಮಣ್ಣುದಾರಿ ಶುರುವಾಗುತ್ತದೆ; ಅದು ಯಾರದೋ ಪಂಪ್‌ಸೆಟ್ ಮನೆಯ ಮುಂದೆ ನಿಂತುಬಿಡುತ್ತದೆ. ಫೋನಿನಲ್ಲಿ ನೀಲಿ ಚುಕ್ಕಿ ಟೈಲಿನ ಗೆರೆಯಿಂದ ನೂರು ಮೀಟರ್ ಈಚೆಗೇ ಉಳಿದಿರುತ್ತದೆ. ‘ಈ ಕಡೆ ದಾರಿ ಇದೆಯಾ ಅಣ್ಣ?’ ಎಂದು ಕೇಳಲೇಬೇಕು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಬರುವ ಉತ್ತರದಷ್ಟು ಖಚಿತ ಮಾಹಿತಿ ಯಾವ ಆ್ಯಪ್‌ನಲ್ಲೂ ಇಲ್ಲ.

ಕೆರೆಗಳ ವಿಷಯ ಇನ್ನೂ ಕುತೂಹಲದ್ದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುವ ಸೀಮೆಯಿದು; ಆದರೂ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬಹುಕಾಲ ಒಣಗಿದ್ದ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ನೀರು ಬಂದಿದೆ. ಕೆರೆಯಂಗಳದಲ್ಲಿ ಹಾದ ಹಳೆಯ ಟ್ರ್ಯಾಕ್ ಇಂದು ನೀರಿನ ಮೇಲೆ ತೇಲಿದಂತೆ ಕಂಡರೆ ಅದು ಜಿಪಿಎಸ್ ತಪ್ಪಲ್ಲ, ಒಂದು ಬರಗಾಲದ ದಾಖಲೆ.

ಎಲ್ಲ ಟೈಲ್‌ಗಳನ್ನೂ ಹೀಗೆ ಬೆನ್ನಟ್ಟಬಾರದು. ಸ್ಕಂದಗಿರಿಯನ್ನು ಅನುಮತಿ ಪಡೆದು, ಪಾಪಾಗ್ನಿ ಮಠದ ಕಡೆಯಿಂದ, ಹಗಲಿನಲ್ಲಿ, ನಡೆದೇ ಹತ್ತಬೇಕು. ರಾತ್ರಿ ಚಾರಣ ನಿಷಿದ್ಧ. ಕಲ್ಲುಕ್ವಾರಿ, ಮೀಸಲು ಅರಣ್ಯ, ಬೆಳೆ ನಿಂತ ಹೊಲ ನಕ್ಷೆಯಲ್ಲಿ ಖಾಲಿ ಚೌಕವಾಗಿ ಕರೆಯಬಹುದು. ಅಂಥ ಚೌಕ ಖಾಲಿಯಾಗಿಯೇ ಉಳಿಯಲಿ.

ಇನ್ನು ದತ್ತಾಂಶದ ಮಾತು. ಟೈಲ್ ಎಣಿಸಬೇಕಾದರೆ ಸವಾರ ತನ್ನ ಎಲ್ಲ ಟ್ರ್ಯಾಕ್‌ಗಳನ್ನೂ ಯಾವುದಾದರೂ ಸೇವೆಗೆ ಒಪ್ಪಿಸಬೇಕು. 2017ರ ನವೆಂಬರಿನಲ್ಲಿ ಸ್ಟ್ರಾವಾ ನೂರು ಕೋಟಿ ಚಟುವಟಿಕೆಗಳನ್ನು ಒಟ್ಟುಗೂಡಿಸಿ, ಓಡಾಟವಿದ್ದ ದಾರಿಗಳನ್ನು ಹೊಳೆಯುವ ಗೆರೆಗಳಾಗಿ ತೋರಿಸುವ ಹೀಟ್‌ಮ್ಯಾಪ್ ಪ್ರಕಟಿಸಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್, ಮರುಭೂಮಿಯ ಕತ್ತಲಲ್ಲಿ ಹೊಳೆಯುತ್ತಿದ್ದ ಗೆರೆಗಳು ಸೇನಾ ನೆಲೆಗಳನ್ನು ಬಯಲು ಮಾಡುತ್ತಿವೆ ಎಂದು ತೋರಿಸಿದ. ಆ ಮೇಲೆ, ಬೇರೆ ಬೇರೆ ಸವಾರರು ಕೆಲವರಾದರೂ ಓಡಾಡದ ದಾರಿ ಹೀಟ್‌ಮ್ಯಾಪ್‌ನಲ್ಲಿ ಕಾಣದಂತೆ ಮಾಡಲಾಯಿತು. 2024ರಲ್ಲಿ ಫ್ರಾನ್ಸಿನ ‘ಲ ಮಾಂಡ್’ ಪತ್ರಿಕೆ ರಾಷ್ಟ್ರನಾಯಕರ ಅಂಗರಕ್ಷಕರ ಓಟದ ದಾಖಲೆಗಳಿಂದ ನಾಯಕರ ಓಡಾಟವನ್ನೇ ಪತ್ತೆ ಹಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಟ್ರಾವಾ, ಒಬ್ಬ ಬಳಕೆದಾರನ ದತ್ತಾಂಶವನ್ನು ಹೊರಗಿನ ಆ್ಯಪ್‌ಗಳು ಅವನೊಬ್ಬನಿಗೆ ಮಾತ್ರ ತೋರಿಸಬೇಕೆಂದು ನಿಯಮ ಬಿಗಿ ಮಾಡಿತು. ಗೆಳೆಯರ ಟೈಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಸೌಲಭ್ಯಗಳಿಗೆ ಅದರಿಂದ ಪೆಟ್ಟು ಬಿತ್ತು.

ಸೇನಾ ನೆಲೆಯ ಕಥೆ ನಮಗೆ ದೂರದ್ದೆನಿಸಬಹುದು. ಆದರೆ ಅದರ ಪಾಠ ಹಳ್ಳಿಗೇ ಹೆಚ್ಚು ಅನ್ವಯಿಸುತ್ತದೆ. ನಂದಿ ರಸ್ತೆಯಲ್ಲಿ ನೂರಾರು ಗೆರೆಗಳ ನಡುವೆ ಒಬ್ಬರ ಗೆರೆ ಮರೆಯಾಗುತ್ತದೆ. ಚೇಳೂರಿನ ಕಡೆಯ ಒಂದು ಹಳ್ಳಿಯಲ್ಲಿ ದಿನಾ ಬೆಳಿಗ್ಗೆ ಸೈಕಲ್ ತುಳಿಯುವವಳು ಒಬ್ಬಳೇ ಇದ್ದರೆ, ಅವಳು ಬಹಿರಂಗವಾಗಿ ಹಂಚಿದ ಟ್ರ್ಯಾಕ್ ಅವಳ ಮನೆಬಾಗಿಲನ್ನೂ ಹೊರಡುವ ಹೊತ್ತನ್ನೂ ಹೇಳಿಬಿಡುತ್ತದೆ. ಆರಂಭ, ಅಂತ್ಯಗಳನ್ನು ಮರೆಮಾಡುವ ಆಯ್ಕೆ ಆ್ಯಪ್‌ನಲ್ಲೇ ಇದೆ. ಅದನ್ನು ಮೊದಲ ದಿನವೇ ಒತ್ತಬೇಕು.

ಹಂಚಿಕೊಳ್ಳಬೇಕಾದದ್ದು ಬೇರೆಯೇ ಇದೆ: ದಾರಿಯ ತಿಳಿವಳಿಕೆ. ಈ ಕ್ಷೇತ್ರದ ಬೆಳವಣಿಗೆ ಇಲ್ಲಿಯವರೆಗೆ ಸವಾರನ ಖಾತೆಯನ್ನು ತುಂಬಿಸಿದೆ, ಊರಿನ ನಕ್ಷೆಗೆ ಮರಳಿಸಿದ್ದು ಕಡಿಮೆ ಎಂಬುದು ನನ್ನ ಅಭಿಪ್ರಾಯ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿನ ಅನುಮತಿಯ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿತು. ನಿಂತ ನೆಲದ ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್ ತೋರಿಸುತ್ತದೆ. ದಾರಿ, ಕೆರೆ, ಊರಿನ ಹೆಸರುಗಳನ್ನು ಸೇರಿಸಲು ಓಪನ್‌ಸ್ಟ್ರೀಟ್‌ಮ್ಯಾಪ್ ಎಲ್ಲರಿಗೂ ತೆರೆದಿದೆ. ಕನ್ನಡ ಹೆಸರಿಗೆಂದೇ ಅಲ್ಲಿ ಪ್ರತ್ಯೇಕ ಖಾನೆಯಿದೆ. ಗೂಗಲ್ ನಕ್ಷೆಯಿಂದ ಹೆಸರು ನಕಲು ಮಾಡುವಂತಿಲ್ಲ, ಆದರೆ ಊರ ಬಾಗಿಲಿನ ಫಲಕವನ್ನು ಕಣ್ಣಾರೆ ಓದಿ ಬರೆಯಬಹುದು. ಆ ಫಲಕದ ಮುಂದೆ ಸೈಕಲ್ ನಿಲ್ಲಿಸುವವರು ಟೈಲ್ ಬೇಟೆಯವರೇ.

ಮುಂದಿನ ಭಾನುವಾರ ಈ ಕಡೆ ಬರುವ ಸವಾರರಲ್ಲಿ ಒಂದು ವಿನಂತಿ. ಹೊಸ ಟೈಲ್ ಬಣ್ಣ ತಳೆದ ದಿನವೇ ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆಯಿರಿ. ನೀವು ಹಾದ ಮಣ್ಣುದಾರಿ ಅಲ್ಲಿಲ್ಲದಿದ್ದರೆ ಎಳೆಯಿರಿ, ಹಳ್ಳಿಯ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಕನ್ನಡದಲ್ಲಿ ಸೇರಿಸಿ, ಕೋಡಿ ಬಿದ್ದು ದಾರಿ ಕಡಿದಿದ್ದರೆ ಅದನ್ನೂ ಗುರುತಿಸಿ.