ಪೈಥಾನ್ ಫ್ರೇಮ್‌ವರ್ಕ್‌ಗಳಲ್ಲಿ ಫಾರಂ ಬಟನ್

ವೆಬ್ ಪುಟದ ಫಾರಂನಲ್ಲಿ ‘ಉಳಿಸು’, ‘ಅಳಿಸು’ ಎಂಬ ಎರಡು ಬಟನ್‌ಗಳಿದ್ದಾಗ ಬಳಕೆದಾರ ಒತ್ತಿದ್ದು ಯಾವುದನ್ನು ಎಂಬುದು ಸರ್ವರ್‌ಗೆ ತಿಳಿಯುವ ಬಗೆಯನ್ನು ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್ ವಿಧಿಸುತ್ತದೆ: ಬಟನ್‌ಗಳ ಪೈಕಿ ಒತ್ತಿದ್ದರ ಹೆಸರು ಮತ್ತು ಮೌಲ್ಯ ಮಾತ್ರ ಉಳಿದ ಮಾಹಿತಿಯೊಡನೆ ರವಾನೆಯಾಗುತ್ತವೆ. ಸಿಜಿಐ, ಅಂದರೆ ಪ್ರತಿ ಕೋರಿಕೆಗೂ ಸರ್ವರ್ ಪ್ರತ್ಯೇಕ ಪ್ರೋಗ್ರಾಮನ್ನು ಚಾಲೂ ಮಾಡುವ ವ್ಯವಸ್ಥೆಯಲ್ಲಿ, ಆರಂಭದ ಪೈಥಾನ್ ಪ್ರೋಗ್ರಾಮರರು ಆ ಹೆಸರು ಬಂದಿದೆಯೇ ಎಂದು ‘ಇಫ್’ ಷರತ್ತುಗಳ ಸಾಲಿನಲ್ಲಿ ಒಂದೊಂದಾಗಿ ಪರೀಕ್ಷಿಸಬೇಕಾಗಿತ್ತು. 1998ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಜೋಪ್ ಎಂಬ ಪೈಥಾನ್ ವೆಬ್ ಫ್ರೇಮ್‌ವರ್ಕ್ ಈ ಗೋಜಲನ್ನು ಜಾಣತನದಿಂದ ಬಿಡಿಸಿತು. ಬಟನ್ನಿನ ಹೆಸರಿನ ತುದಿಗೆ ‘:ಮೆಥಡ್’ ಎಂಬ ಗುರುತನ್ನು ಸೇರಿಸಿದರೆ ಸಾಕು, ಆ ಹೆಸರಿನ ಮೆಥಡ್, ಎಂದರೆ ಆಬ್ಜೆಕ್ಟ್‌ಗೆ ಸೇರಿದ ಕಾರ್ಯವಿಧಿ, ತಾನಾಗಿಯೇ ನಡೆಯುತ್ತಿತ್ತು. ಮುಂದೆ ಇದೇ ಪರಂಪರೆಯ ಫಾರ್ಮ್‌ಲಿಬ್ ಎಂಬ ಲೈಬ್ರರಿ ಡೆಕೊರೇಟರ್ ಮೂಲಕ, ಅಂದರೆ ಫಂಕ್ಷನ್ನಿನ ಮೇಲ್ಗಡೆ @ ಚಿಹ್ನೆಯಿಂದ ಆರಂಭಿಸಿ ಬರೆಯುವ ಸಾಲಿನ ಮೂಲಕ, ಬಟನ್ನಿನ ಶೀರ್ಷಿಕೆಯನ್ನೂ ಅದರ ಕೆಲಸವನ್ನೂ ಒಂದೆಡೆ ಬೆಸೆಯಿತು. ಆದರೆ 2005ರಲ್ಲಿ ಬಿಡುಗಡೆಯಾದ ಜಾಂಗೊ ಆಗಲಿ, 2010ರ ಫ್ಲಾಸ್ಕ್ ಆಗಲಿ ಈ ದಾರಿ ಹಿಡಿಯದೆ ಹಳೆಯ ಷರತ್ತಿನ ಪರೀಕ್ಷೆಯನ್ನೇ ಪ್ರೋಗ್ರಾಮರನಿಗೆ ಬಿಟ್ಟವು. ಸೊಬಗು ಕಡಿಮೆಯಾದರೂ ಕೋಡ್ ಓದುವವನಿಂದ ಏನನ್ನೂ ಮರೆಮಾಚದ ಕ್ರಮವಿದು. ಪೈಥಾನಿನ ಮೂಲ ಸಿಜಿಐ ಮಾಡ್ಯೂಲನ್ನು ಮಾತ್ರ 2024ರ 3.13ನೇ ಆವೃತ್ತಿಯಲ್ಲಿ ಕೈಬಿಡಲಾಯಿತು.