ಪುಟ ಹತ್ತು, ಸಾಕ್ಷಿ ಒಂದೇ

ಐತಿಹಾಸಿಕ ಕಾದಂಬರಿ ದಾವಣಗೆರೆಯ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಮನೆಮಾತಾಗಿಸಿದ ತ.ರಾ.ಸು. ಅವರು 1920ರಲ್ಲಿ ಹುಟ್ಟಿದ್ದು ಹರಿಹರದ ಬಳಿಯ ಮಲೇಬೆನ್ನೂರಿನಲ್ಲಿಯೆ. ಅವರ ಕಾಲದಲ್ಲಿ ಒಂದು ಶಾಸನದ ಪಾಠ ಬೇಕೆಂದರೆ ದೊಡ್ಡ ಪುಸ್ತಕಭಂಡಾರಗಳಿಗೆ ಅಲೆಯಬೇಕಾಗಿತ್ತು. ಈಗಲಾದರೋ ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟವೂ, 1801ರಲ್ಲಿ ಹರಿಹರವನ್ನು ಕಂಡುಹೋದ ಬುಕಾನನ್ನನ ಪ್ರವಾಸಕಥನವೂ ಅಂತರ್ಜಾಲದಲ್ಲಿ ಮನೆಯಲ್ಲಿ ಕುಳಿತೇ ಓದಲು ಸಿಕ್ಕುತ್ತವೆ. ಇದು ಸಣ್ಣ ಭಾಗ್ಯವಲ್ಲ.

ನಾನು ಬರೆಯಹೊರಟಿರುವುದು ಆಪೋಜಿರಾಮನ ಕಥೆ. ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯಿಂದ ಜಹಗೀರಾಗಿ ಪಡೆದ ಮರಾಠಾ ಸರದಾರನೀತ. ಅಂತರ್ಜಾಲದಲ್ಲಿ ಇವನ ಹೆಸರನ್ನು ಹುಡುಕಿದರೆ ಪುಟದ ಮೇಲೆ ಪುಟ ತೆರೆಯುತ್ತದೆ. ಎಲ್ಲದರಲ್ಲಿಯೂ ಒಂದೇ ಮಾತು: ವರ್ತಕರನ್ನು ಕರೆದು ನೆಲೆಗೊಳಿಸಿದ, ಸಂತಾನವಿಲ್ಲದೆ ತೀರಿಕೊಂಡ. ಇಷ್ಟು ಮಂದಿ ಹೇಳಿದ ಮೇಲೆ ಇನ್ನೇನು ಸಂದೇಹ ಎನಿಸುತ್ತದೆ. ಆದರೆ ಬೇರನ್ನು ಹಿಡಿದು ಹೋದರೆ ಆ ಮಾತು 1908ರ ಇಂಪೀರಿಯಲ್ ಗೆಜೆಟಿಯರಿಗೂ, ಅದಕ್ಕೂ ಹಿಂದಿನ ರೈಸರ ಮೈಸೂರು ಗೆಜೆಟಿಯರಿಗೂ ಮುಟ್ಟುತ್ತದೆ. ಹೈದರನು ತೀರಿಕೊಂಡದ್ದು 1782ರಲ್ಲಿ. ರೈಸರ ಪರಿಷ್ಕೃತ ಗೆಜೆಟಿಯರು ಹೊರಬಂದದ್ದು 1897ರಲ್ಲಿ. ಹತ್ತು ಪುಟಗಳಿದ್ದರೂ ಸಾಕ್ಷಿ ಒಂದೇ.

ಹರಿಹರದಲ್ಲಿ ಈ ತೊಡಕು ಕಡಮೆ. ಅಲ್ಲಿ ಅಚ್ಚಾದ ಪಾಠವನ್ನು ದೇವಾಲಯದ ಕಲ್ಲಿನೊಡನೆಯೇ ತಾಳೆನೋಡಬಹುದು. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ. 1268ರಲ್ಲಿ ಅದನ್ನು ಬೆಳೆಸಿದವನು ಮುಮ್ಮಡಿ ನರಸಿಂಹನ ದಂಡನಾಯಕ ಸೋಮ. ಪೊಲಾಳ್ವನ ಕಾಲದ ನಾಯಕನೊಬ್ಬನನ್ನು ಸೋಮನು ಕಟ್ಟಿಸಿದ್ದರ ನೆರಳಿನಲ್ಲಿ ನಿಲ್ಲಿಸಿದರೆ ಕಥೆಯೇ ಸುಳ್ಳಾಗುತ್ತದೆ. ಅಂತರ್ಜಾಲದ ಚಿತ್ರವಾದರೋ ನಲವತ್ತನಾಲ್ಕು ವರ್ಷಗಳ ಈ ಅಂತರವನ್ನು ಕಾಣಿಸದೆ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ.

ಹಾಗೆಂದು ಕಲ್ಪನೆ ಬೇಡವೆಂದಲ್ಲ. ಆಪೋಜಿರಾಮನಿಗೆ ಒಬ್ಬ ಮಡದಿಯನ್ನೂ, ಆಪ್ತನಾದ ಜವಳಿ ವರ್ತಕನನ್ನೂ ನಾನು ಕಲ್ಪಿಸಬೇಕಾಗಿದೆ. ಗೆಜೆಟಿಯರಿನ ಎರಡು ವಾಕ್ಯಗಳಿಂದ ಮನುಷ್ಯನೊಬ್ಬ ಎದ್ದು ಬರಲಾರ. ಆದರೆ ಆ ವರ್ತಕನ ಹೆಸರನ್ನು ನಾಳೆ ಯಾರೋ ಒಬ್ಬರು ನನ್ನ ಕಾದಂಬರಿಯಿಂದ ಎತ್ತಿ ಅಂತರ್ಜಾಲಕ್ಕೆ ಸೇರಿಸಿಯಾರು; ಅದನ್ನು ನೋಡಿ ಇನ್ನು ಹತ್ತು ಮಂದಿ ಬರೆದಾರು. ಆಗ ಇಲ್ಲದ ಮನುಷ್ಯನೊಬ್ಬ ದಾವಣಗೆರೆಯ ಇತಿಹಾಸದಲ್ಲಿ ಮನೆಮಾಡಿ ಕುಳಿತುಬಿಡುತ್ತಾನೆ. ಆದಕಾರಣ ಕಾದಂಬರಿಯ ಕೊನೆಗೆ ಇಷ್ಟು ದಾಖಲೆಯದು, ಇಷ್ಟು ನನ್ನದು ಎಂದು ಒಂದು ಪುಟ ಬರೆದಿಡಬೇಕೆಂದಿದ್ದೇನೆ. ಊರಿನ ಋಣಕ್ಕೆ ಅಷ್ಟಾದರೂ ಸಲ್ಲಬೇಕು.