ಜಿಯೋಲೈಟ್‌ನ ಒಳಗನ್ನು ಕಾಣುವ ಬಗೆ

ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಹೆಣೆದುಕೊಂಡು, ಮೈತುಂಬ ರಂಧ್ರಗಳಿರುವ ಹರಳಾದರೆ ಅದು ಜಿಯೋಲೈಟ್. ಕಚ್ಚಾತೈಲದ ಭಾರವಾದ ಅಂಶವನ್ನು ಒಡೆದು ಪೆಟ್ರೋಲ್ ತೆಗೆಯಲು ಸಂಸ್ಕರಣಾಗಾರಗಳು 1960ರ ದಶಕದಿಂದ ಈ ವೇಗವರ್ಧಕವನ್ನು ನೆಚ್ಚಿಕೊಂಡಿವೆ. ಜೆಡ್‌ಎಸ್‌ಎಂ-5 ಎಂಬ ಬಗೆಯ ರಂಧ್ರದ ಅಗಲ ಸುಮಾರು 0.55 ನ್ಯಾನೊಮೀಟರ್. ನೀಳವಾದ ಪ್ಯಾರಾ-ಕ್ಸೈಲೀನ್ ಅಣು ಅದರಲ್ಲಿ ಸಲೀಸಾಗಿ ನುಸುಳುತ್ತದೆ. ಅದೇ ಸೂತ್ರದ ಅಗಲ ಅಣುಗಳು ತಡವರಿಸುತ್ತವೆ. ರಚನೆ ತಿಳಿಯದೆ ಈ ಆಯ್ಕೆಯ ಗುಟ್ಟು ತಿಳಿಯದು.

ಎಕ್ಸ್-ಕಿರಣ ಸಾಲದ ಕಡೆ

ಎಕ್ಸ್-ಕಿರಣ ವಿವರ್ತನೆ ಹೇಳುವುದು ಅಸಂಖ್ಯ ಘಟಕಗಳ ಸರಾಸರಿಯನ್ನು. ಜಿಯೋಲೈಟ್ ಬಹುಪಾಲು ಸಿಗುವುದೇ ನುಣ್ಣನೆಯ ಪುಡಿಯಾಗಿ. ಜೊತೆಗೆ ಕೆಲವದರಲ್ಲಿ ಪದರಗಳ ಜೋಡಣೆಯೇ ಅಸ್ತವ್ಯಸ್ತ. ಮೊಬಿಲ್ ಕಂಪನಿ 1967ರಲ್ಲಿ ಪ್ರಕಟಿಸಿದ ‘ಬೀಟಾ’ ಇದಕ್ಕೆ ಸಾಕ್ಷಿ. ಅದು ಎರಡು ರೂಪಗಳ ಬೆರಕೆ ಎಂಬುದು ಖಚಿತವಾದದ್ದು 1988ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳ ನೆರವಿನಿಂದ. 24 ಬಗೆಯ ಸಿಲಿಕಾನ್ ಸ್ಥಾನಗಳಿರುವ ಜಟಿಲ ಟಿಎನ್‌ಯು-9ರ ರಚನೆಯನ್ನು 2006ರಲ್ಲಿ ಬಿಡಿಸಿದ್ದೂ ಪುಡಿಯ ವಿವರ್ತನೆ ಮತ್ತು ಸೂಕ್ಷ್ಮದರ್ಶಕ ಕೈಜೋಡಿಸಿದಾಗಲೇ.

ಹಬೆ ಕೊರೆದ ಪೊಟರೆಗಳು

ಜಿಯೋಲೈಟ್-ವೈ ಹರಳನ್ನು ಬಿಸಿ ಹಬೆಯಲ್ಲಿ ಹದಗೊಳಿಸಿದರೆ ಅಲ್ಯೂಮಿನಿಯಂ ಕಳಚಿ ದೊಡ್ಡ ರಂಧ್ರಗಳಾಗುತ್ತವೆ. ಅನಿಲ ಹೀರಿಸಿ ಅಳೆದರೆ ಅವುಗಳ ಗಾತ್ರವಷ್ಟೇ ಗೊತ್ತಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾದರಿಯನ್ನು ಹಂತಹಂತವಾಗಿ ವಾಲಿಸಿ, ತೆಗೆದ ಚಿತ್ರಗಳಿಂದ ಮೂರು ಆಯಾಮದ ರೂಪ ಕಟ್ಟಿದಾಗ ಕಂಡದ್ದೇ ಬೇರೆ: ಅವುಗಳಲ್ಲಿ ಗಣನೀಯ ಪಾಲು ಹರಳಿನೊಳಗೇ ಮುಚ್ಚಿಹೋದ ಪೊಟರೆಗಳು, ಮೇಲ್ಮೈಗೆ ತೆರೆದ ಕಾಲುವೆಗಳಲ್ಲ. ಅಣುಗಳ ಓಡಾಟಕ್ಕೆ ಅವುಗಳಿಂದ ದೊರೆಯುವ ನೆರವು ಸೀಮಿತ. ವೇಗವರ್ಧಕ ತಯಾರಿಸುವವರಿಗೆ ಇದಕ್ಕಿಂತ ಉಪಯುಕ್ತ ಚಿತ್ರ ವಿರಳ.

ನೋಡಿದಷ್ಟೂ ಕರಗುವ ಹರಳು

ತೊಡಕು ಇರುವುದು ನೋಡುವ ಕ್ರಿಯೆಯಲ್ಲೇ. ಎಲೆಕ್ಟ್ರಾನ್ ಕಿರಣ ಬಂಧಗಳನ್ನು ಮುರಿದು ಹರಳಿನ ಕ್ರಮವನ್ನೇ ಅಳಿಸಿಬಿಡುತ್ತದೆ. ಅಲ್ಯೂಮಿನಿಯಂ ಹೆಚ್ಚಿದ್ದರೆ, ರಂಧ್ರದಲ್ಲಿ ನೀರು ಉಳಿದಿದ್ದರೆ ನಾಶ ಇನ್ನೂ ಬೇಗ. ಹೀಗಾಗಿ ಮಾದರಿಯನ್ನು ಒಣಗಿಸುತ್ತಾರೆ, ಕೆಲವೊಮ್ಮೆ ತಂಪಾಗಿಸುತ್ತಾರೆ, ಅತಿ ಕಡಿಮೆ ಎಲೆಕ್ಟ್ರಾನ್‌ಗಳಲ್ಲಿ ಕೆಲಸ ಮುಗಿಸುತ್ತಾರೆ. ಈ ಜಿಪುಣತನವೇ ದೊಡ್ಡ ಫಲ ಕೊಟ್ಟಿತು: ಜೆಡ್‌ಎಸ್‌ಎಂ-5ರ ರಂಧ್ರದೊಳಗೆ ಸಿಕ್ಕಿಕೊಂಡ ಒಂಟಿ ಪ್ಯಾರಾ-ಕ್ಸೈಲೀನ್ ಅಣು ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ತಂಡ 2021ರಲ್ಲಿ ತೋರಿಸಿತು.

ಅಲ್ಯೂಮಿನಿಯಂನ ನೆಲೆ ಗುರುತಿಸುವುದು ಮಾತ್ರ ಇಂದಿಗೂ ಬಲು ಕಷ್ಟ. ಆಮ್ಲೀಯ ಕ್ರಿಯೆ ನಡೆಯುವುದು ಅದರ ಪಕ್ಕದಲ್ಲೇ. ಆದರೆ ಅದರ ಪರಮಾಣು ಸಂಖ್ಯೆ 13, ಸಿಲಿಕಾನ್‌ನದು 14. ಚಿತ್ರದ ಹೊಳಪಿನಲ್ಲಿ ಎರಡಕ್ಕೂ ವ್ಯತ್ಯಾಸ ಅತ್ಯಲ್ಪ.